ಜೀರ್ಣಸೇತು ಆದ್ಯತಾ ನಿರ್ಣಯ

ಮುಪ್ಪಾದ ಅಣೆಕಟ್ಟಿನಲ್ಲಿ ಮೊದಲು ಯಾವುದನ್ನು ರಿಪೇರಿ ಮಾಡತಕ್ಕದ್ದು? ಇದು ವಿಷಯ. ದೃಷ್ಟಾಂತಕ್ಕೆ ಹೊಸಪೇಟೆಯ ಟಿ.ಬಿ. ಡ್ಯಾಂ: ಸುರ್ಕಿ ಗಾರೆಯಲ್ಲಿ ಕಟ್ಟಿದ್ದು, 1953ರಿಂದ ನೀರು ಹಿಡಿದದ್ದು, 33 ಕ್ರೆಸ್ಟ್ ಗೇಟುಗಳುಳ್ಳದ್ದು.

ಪೂರ್ವಪಕ್ಷ ಎಂಜಿನಿಯರರದು. ಕೆಡುವ ಸಂಭವವನ್ನು ಕೆಟ್ಟರಾಗುವ ಅನಾಹುತದಿಂದ ಗುಣಿಸಿ, ಹೆಚ್ಚು ಬಂದದ್ದನ್ನು ಮೊದಲು ಹಿಡಿಯಬೇಕಂತೆ. ಬಾಲಿಶ ಮತ. ಆಗದ ಅನಾಹುತಕ್ಕೆ ಬಜೆಟ್ಟಿನಲ್ಲಿ ಕೊಡುವ ಬೆಲೆ ಸೊನ್ನೆ. ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆಯೇ ಎಂಬುದಕ್ಕೆ ಸಾಕ್ಷಾತ್ ಭಾಸ್ಕರಾಚಾರ್ಯರು ಪ್ರಮಾಣ.

ಸಿದ್ಧಾಂತ ಹೀಗೆ: ಆದ್ಯತೆ ದರ್ಶನಾಧೀನ. ಬಣ್ಣದ ದೀಪ, ಉದ್ಯಾನ, ಗಣ್ಯರು ಬಾಗಿನ ಬಿಡಲು ಇಳಿಯುವ ಮೆಟ್ಟಿಲು ಇವು ಉತ್ತಮ. ಚೈನು, ಗ್ರೀಸು, ರಬ್ಬರ್ ಸೀಲು ಮುಂತಾಗಿ ಮುಟ್ಟಿದವನ ಕೈ ಮಸಿಯಾಗುವುದಷ್ಟೇ ಫಲವಾದವು ಅಧಮ. ಹೂಳು ಅಧಮಾಧಮ: ನೀರಿನಡಿ ಇದೆ, ಕಾಣದು, ಆದ್ದರಿಂದ ಇಲ್ಲ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105.78 ಹಿಡಿಯುತ್ತದೆಂದರೆ, ಆ ವ್ಯತ್ಯಾಸ ಮಾಯೆ ಎಂದೇ ತಿಳಿಯತಕ್ಕದ್ದು.

ಶಂಕೆ: 2024ರ ಆಗಸ್ಟ್ 10ರ ರಾತ್ರಿ, ಡ್ಯಾಂ ತುಂಬಿರುವಾಗ, 19ನೇ ಗೇಟು ಚೈನು ಹರಿದು ಕೊಚ್ಚಿಹೋಯಿತಲ್ಲ? ಸಮಾಧಾನ: ಇದು ಸಿದ್ಧಾಂತಕ್ಕೆ ಬಾಧಕವಲ್ಲ, ಪೋಷಕ. ಹರಿಯುವ ತನಕ ಯಾರ ಕಣ್ಣಿಗೂ ಬೀಳದಿದ್ದ ಚೈನು ಹರಿದೊಡನೆ ಟಿವಿಯಲ್ಲಿ ಹಗಲಿರುಳು ಕಂಡಿತು. ಕಂಡದ್ದರಿಂದ ಉತ್ತಮವಾಯಿತು. ಚೈನಿಗೆ ಬೇರೆ ಮೋಕ್ಷಮಾರ್ಗವಿತ್ತೆ?

ಮುಂದಿನದು ಸ್ವಾರಸ್ಯವಾಗಿದೆ. ಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಹಿಡಿದಿಟ್ಟ ನೀರು ಹತ್ತಾರು ಟಿಎಂಸಿ ಲೆಕ್ಕದಲ್ಲಿ ಹೊಳೆಗೆ ಹೋಯಿತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಮುಂದೆ ನಿಂತು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ವಾರದಲ್ಲಿ ಕಂಡಿ ಮುಚ್ಚಿಸಿದರು. (ಅಣಕವನ್ನು ಅರೆಗಳಿಗೆ ಬದಿಗಿಟ್ಟು ಇಲ್ಲಿ ಕೈಮುಗಿಯಬೇಕು.) ಇದರಿಂದ ಸಿದ್ಧಿಸುವ ಉಪಸಿದ್ಧಾಂತ: ಗೇಟಿನ ಜ್ಞಾನ ಸೇವೆಯಲ್ಲಿರುವಾಗ ಸುಪ್ತ, ನಿವೃತ್ತಿಯ ನಂತರ ಜಾಗೃತ.

ಉಳಿದ 32 ಗೇಟುಗಳಿಗೂ ಆಗ ಅದೇ ಪ್ರಾಯ. ಶಾಸ್ತ್ರದಂತೆ ಅವು ಹರಿದ ಕ್ರಮದಲ್ಲಿ ಆದ್ಯತೆ ಪಡೆಯಬೇಕಿತ್ತು. ಎಲ್ಲವನ್ನೂ ಬದಲಿಸಿ ಎಂದು ತಜ್ಞರ ಸಮಿತಿ ಅವಸರ ಮಾಡಿ ಶಾಸ್ತ್ರಭಂಗ ಮಾಡಿತು. ಬದಲಿಸುವುದು ಬಾಕಿಯಿದ್ದುದರಿಂದ 2025ರ ಮಳೆಗಾಲದಲ್ಲಿ 80 ಟಿಎಂಸಿಗೇ ನೀರು ನಿಲ್ಲಿಸಲಾಯಿತು. ಎರಡನೇ ಬೆಳೆಗೆ ಕಾಲುವೆ ನೀರೆಲ್ಲಿ ಎಂದು ಕೊಪ್ಪಳ, ರಾಯಚೂರಿನ ರೈತರು ಕೇಳಿದರು. ಅವರಿಗೆ ತರ್ಕಶಾಸ್ತ್ರದ ಅಭ್ಯಾಸವಿಲ್ಲದ್ದರಿಂದ, ಉತ್ತರವನ್ನು ಎರಡನೇ ಸಂಪುಟಕ್ಕೆ ಕಾದಿರಿಸಲಾಗಿದೆ.