ಹೊತ್ತು ಮುಳುಗಿದ್ರ ನಮ್ಮ ಡ್ಯೂಟಿ

ಗಂಗಾವತಿ ಬಳಿಯ ಹೇಮಗುಡ್ಡದ ಕೋಟೆ ಕೆಳಗಿನ ಹೊಲ. ರಾತ್ರಿ ಒಂದು ಗಂಟೆ. ತ್ರೀಫೇಸ್ ಕರೆಂಟಿಗೆ ಕಾಯುತ್ತ ರೈತರೊಬ್ಬರು ಮೋಟರ್ ಶೆಡ್ಡಿನ ಮುಂದೆ ಮೊಬೈಲ್ ಹಿಡಿದು ಕೂತಿದ್ದರು. ಅವರ ಮೆದುಳಿನ ನಟ್ಟನಡುವಿನ ಪೀನಿಯಲ್ ಗ್ರಂಥಿಯನ್ನು ಮಾತಿಗೆಳೆದೆವು.

ತಮ್ಮ ಪರಿಚಯ?

ಗಂಗಾವತಿ ಸೀಮಿಯಾಗ ಅದೇನು ಕಷ್ಟರೀ? ಒಂದು ಅಕ್ಕಿಕಾಳಿನಷ್ಟು ಗಾತ್ರ ಅನ್ರಿ, ಸಾಕು. ಕತ್ತಲಾದ ಮ್ಯಾಲ ಮೆಲಟೋನಿನ್ ಬಿಟ್ಟು, ‘ರಾತ್ರಿ ಆತು’ ಅಂತ ಮೈತುಂಬ ಡಂಗುರ ಸಾರಾಂವ ನಾನು.

ಆತ್ಮ ನಿಮ್ಮಲ್ಲೇ ಇದೆ ಎಂದು 17ನೇ ಶತಮಾನದಲ್ಲೇ ತತ್ವಜ್ಞಾನಿ ಡೆಕಾರ್ಟ್ ಬರೆದಿದ್ದನಲ್ಲ?

ಬಾಡಿಗಿ ಬಂದಿಲ್ಲ ಬಿಡ್ರಿ. ಈಗ ನನ್ನನ್ನ ‘ಮೂರನೇ ಕಣ್ಣು’ ಅಂದು, ತೆರಸ್ತೀವಂತ ಶಿಬಿರ ಮಾಡ್ತಾರ, ಫೀಸು ಅವರಿಗೆ. ಖರೇನ ನೋಡಬೇಕಂದ್ರ ಹಗಲೊತ್ತು ಬಂದು ಬೇಲಿ ಮ್ಯಾಲಿನ ಓತಿಕ್ಯಾತನ ನೆತ್ತಿ ನೋಡ್ರಿ, ಬೆಳಕು ಹಿಡಿಯೋ ಚುಕ್ಕಿ ಐತಿ. ನಾನು ಕುರುಡ.

ಮತ್ತೆ ಹಗಲು–ರಾತ್ರಿ ಹೇಗೆ ತಿಳಿಯುತ್ತದೆ?

ಫೈಲು ಬರತೈತಿ. ಕಣ್ಣು ವರದಿ ಬರೀತೈತಿ, ಹೈಪೋಥಲಾಮಸ್ಸಿನ ಗಡಿಯಾರ ಷರಾ ಹಾಕತೈತಿ. ಅಲ್ಲಿಂದ ಬೆನ್ನುಹುರಿ ಹಿಡಿದು ಎದಿಮಟ ಇಳಿದು, ಕುತ್ತಿಗಿ ನರಗಂಟಿಗೆ ಹತ್ತಿ, ಆಮ್ಯಾಲ ನನ್ನ ಟೇಬಲ್ಲಿಗೆ. ಕಣ್ಣಿಗೂ ನನಗೂ ಗೇಣು ದೂರ ಇಲ್ಲರೀ! ಗಂಗಾವತಿ ಅರ್ಜಿ ಬೆಂಗಳೂರು ನೋಡಿಕೊಂಡು ಕೊಪ್ಪಳಕ್ಕ ಬಂದಂಗ.

ನಿಮ್ಮ ಕೋಶಗಳ ಮೇಲಿನ ಗ್ರಾಹಕಗಳು (ರಿಸೆಪ್ಟರ್) ಹಾಜರಿ ಸರಿಯಾಗಿ ಹಾಕುವುದಿಲ್ಲವೆಂಬ ದೂರಿದೆ.

ಅವ್ರು ನನ್ನ ಹಮಾಲರು. ರಾತ್ರಿ ‘ಮೆಲಟೋನಿನ್ ಮಾಡು’ ಅಂತ ನರದ ತುದಿಯಿಂದ ನಾರ್‌ಅಡ್ರಿನಲಿನ್ ಲೋಡು ಬರತೈತಿ, ಇವರು ಇಳಿಸ್ಕೋಬೇಕು. ಹಗಲು ಲೋಡು ಕಮ್ಮಿ. ಸುಮ್ನ ಗೇಟಿನ ಮುಂದ ಜಮಾಸ್ತಾರ, ಹೊತ್ತು ಮುಳುಗೋದ್ರಾಗ ಜಾತ್ರಿ. ಮೊದಲನೇ ಲೋಡಿಗೆ ಹಾರಿ ಬೀಳ್ತಾರ. ಕತ್ತಲು ಏರಿದಂಗ ಒಬ್ಬೊಬ್ಬರೇ ಜಾರ್ತಾರ. 1975ರಾಗ ವಿಜ್ಞಾನಿ ಜೂಲಿಯಸ್ ಆಕ್ಸೆಲ್‌ರಾಡ್ ಮತ್ತು ಜೊತಿಯವರು ಇದನ್ನ ಎಣಿಸಿ ತೋರಿಸಿದ್ರು. ಇಲಿಯಾಗ ಎಣಿಸಿದ್ದು. ರೈಸ್‌ಮಿಲ್ಲಿನ ಊರಾಗ ಇಲಿ ಸಾಕ್ಷಿ ನಡೀತೈತಿ ಬಿಡ್ರಿ.

ಅಂದರೆ ಈಗ ಕೆಲಸ ಜೋರು?

ಎಲ್ಲಿ ಜೋರು? ಆ ಶೆಡ್ಡಿನ ಎಲ್‌ಇಡಿ ನೋಡ್ರಿ, ನೆಟ್ಟಗ ಈ ರೈತರ ಕಣ್ಣಿಗೇ. ಅಕ್ಷಿಪಟಲದಾಗ ನೀಲಿ ಬೆಳಕಿಗೆ ಕಿವಿ ನಿಮಿರಿಸೋ ಕೋಶ ಕೆಲವು ಅದಾವ. ‘ಸಾಹೇಬ್ರ, ಬೆಳಗಾತು’ ಅಂತ ಸುಳ್ಳು ವರದಿ ಕಳಸ್ತಾವ. ಲೋಡು ಅರ್ಧಕ್ಕ ನಿಂತಿತು. ಮೊಬೈಲಿಂದು ಸಣ್ಣ ಬೆಳಕು, ಅದರ ಮ್ಯಾಲ ತಪ್ಪು ಪೂರ್ತಿ ಹಾಕಬ್ಯಾಡ್ರಿ.

ಹೇಮಗುಡ್ಡದ ದಸರಾ ದೀಪಗಳೂ ಇವೆಯಲ್ಲ?

ದುರ್ಗವ್ವನ ದಸರಾ ವರ್ಷಕ್ಕೊಮ್ಮಿ, ತಡಕೋತೀನಿ. ಮೋಟರಿಗೆ ಕರೆಂಟು ನಡುರಾತ್ರಿಗೇ ಬರಬೇಕಂತ ಯಾವ ಗಡಿಯಾರ ಬರೆದೈತಿ? ಆ ಫೈಲು ಎಲ್ಲಿ ನಿಂತೈತೋ, ಅದನ್ನ ಹುಡುಕಿ ಸಂದರ್ಶನ ಮಾಡ್ರಿ.

ಅಷ್ಟರಲ್ಲಿ ಕರೆಂಟು ಬಂತು. ರೈತರು ಸ್ಟಾರ್ಟರ್ ಒತ್ತಿ, ಟಾರ್ಚ್ ಹಚ್ಚಿ, ಕಾಲುವೆ ಒಡೆದಿದೆಯೇನೋ ಎಂದು ಬದುವಿನ ಮೇಲೆ ಹೊರಟರು. ಪೀನಿಯಲ್ ‘ಬರ್ತೀನ್ರೀ’ ಎಂದಿತು. ಎಲ್ಲಿಗೆ ಹೋದೀತು, ಅವರ ಜೊತೆಗೇ ಹೋಯಿತು.