ಅದು ಆಮ್ಯಾಲಿನ ಮಾತು

1945ರ ಫೆಬ್ರವರಿ 15ರಂದು ಲೋಣಾವಳಾದ ಗುಡ್ಡದ ಮೇಲೆ ನೌಕಾಪಡೆಯ 'ಶಿವಾಜಿ' ಕಾರ್ಯಾರಂಭ ಮಾಡಿತು. ಹೆಸರಿನ ಹಿಂದೆ ಹಡಗಿನ ಬಿರುದು, ಕಾಲ ಕೆಳಗೆ ಸಹ್ಯಾದ್ರಿಯ ಕರಿಕಲ್ಲು, ಸಮುದ್ರ 600 ಮೀಟರಿಗೂ ಕೆಳಗೆ. ಹಡಗಿನ ಎಂಜಿನಿಯರುಗಳನ್ನು ತಯಾರು ಮಾಡುವ ಈ ಶಾಲೆ ಇವತ್ತಿಗೂ ಅಲ್ಲೇ ಇದೆ, ಒಂದು ದಿನವೂ ತೇಲಿಲ್ಲ, ಒಂದು ದಿನವೂ ಮುಳುಗಿಲ್ಲ. ಅದಾಗಿ ಎರಡು ತಿಂಗಳಿಗೆ ಒಂದು ದಿನ ಕಡಿಮೆ, ಏಪ್ರಿಲ್ 14ರಂದು, ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಯು-1206 ಎಂಬ ಜರ್ಮನ್ ಸಬ್‌ಮರೀನು ಮುಳುಗಿತು. ಕೆಡಿಸಿದ್ದು ಶತ್ರುವಲ್ಲ, ಸಂಡಾಸು. ಆಳದಲ್ಲಿದ್ದಾಗಲೂ ಬಳಸಬಹುದಾದ ಹೊಸ ಮಾದರಿ ಅದು. ಯಾವ ವಾಲ್ವು ಮೊದಲು, ಯಾವುದು ಆಮೇಲೆ ಎಂಬುದಕ್ಕೇ ತರಬೇತಿ ಬೇಕು. ಅಂದು ಕ್ರಮ ತಪ್ಪಿತು. ಸಮುದ್ರ ಒಳಗೆ ನುಗ್ಗಿ ಬ್ಯಾಟರಿಗೆ ತಗುಲಿ ಕ್ಲೋರಿನ್ ಎದ್ದಿತು. ಉಸಿರಿಗಾಗಿ ಮೇಲೆ ಬಂದರೆ ವಿಮಾನಗಳು. ಕೊನೆಗೆ ಸಿಬ್ಬಂದಿಯೇ ಅದನ್ನು ಮುಳುಗಿಸಿ ದೋಣಿ ಹತ್ತಿದರು.

ಇಷ್ಟನ್ನೂ ನಾನು ಒಪ್ಪಿಸಿದ್ದು ನಮ್ಮ ಸಾಹೇಬರ ಮುಂದೆ. ಇಂಡಿ ಕಡೆಯಿಂದ ಬರಿಗೈಲಿ ಪುಣೆಗೆ ಬಂದು, ಪ್ಲಾಟು ಮಾರಿ ಮೇಲೆದ್ದು, ಈಗ ಲೋಣಾವಳಾದಲ್ಲಿ ಬಂಗಲೆ ಕಟ್ಟಿಸಿಕೊಂಡವರು. ಬಂಗಲೆಯಲ್ಲಿ ಐದು ಸಂಡಾಸು. ಆರನೆಯದನ್ನು ಪವನಾ ಜಲಾಶಯದ ಮೇಲೆ ತೇಲಿಬಿಡಬೇಕೆಂಬುದು ಅವರ ಸಂಕಲ್ಪ.

"ಮಾಸ್ತರ," (ಬರೆಯುವವರೆಲ್ಲ ಅವರಿಗೆ ಮಾಸ್ತರರೇ) "ದಂಡಿ ತುಂಬ ಟೆಂಟ್ ಹಾಕ್ಕೊಂಡ್ ಕುಂತಾರ. ನೀರಿನ ಮ್ಯಾಲೆ ಮಲಗಸಾಂವ ಒಬ್ಬನೂ ಇಲ್ಲ. ಬೋಟಿನ್ಯಾಗ ಎರಡು ಖೋಲಿ, ಒಂದು ಸಂಡಾಸ, ಮಾಳಿಗಿ ಮ್ಯಾಲೆ ಬಾರ್ಬೆಕ್ಯೂ. ಮುಂಬೈ ಮಂದಿ ಹೇಳಿದಷ್ಟು ರೊಕ್ಕ ಕೊಡ್ತಾರ."

"ನೀರಾವರಿ ಇಲಾಖೆ ಪರ್ಮಿಶನ್ ರೀ?"

"ಅದು ಆಮ್ಯಾಲಿನ ಮಾತು."

ಸಾಮಾನು ಆಗಲೇ ಬಂದು ಹಾಲಿನ ಮಾರ್ಬಲ್ ಮೇಲೆ ಹರಡಿಕೊಂಡಿತ್ತು. ಮಕ್ಕಳಿಗೆ ಸರಿಹೋಗುವಷ್ಟು ಪುಟ್ಟ ಕಮೋಡು, ಅದರ ಪಕ್ಕದಲ್ಲಿ ಕೈಪಂಪು. ಸನ್ನೆಯನ್ನು ಒಂದು ಕಡೆ ತಿರುಗಿಸಿ ಪಂಪು ಹೊಡೆದರೆ ಹೊರಗಿನ ನೀರು ಬಟ್ಟಲಿಗೆ ಬರುತ್ತದೆ. ಇನ್ನೊಂದು ಕಡೆ ತಿರುಗಿಸಿ ಹೊಡೆದರೆ ಬಟ್ಟಲು ಖಾಲಿ. ಅಲ್ಲಿಂದ ದಪ್ಪ ರಬ್ಬರ್ ಪೈಪು, ಪೈಪಿನ ಕೊನೆಗೆ 60 ಲೀಟರಿನ ಟ್ಯಾಂಕು. ಪೈಪು ದಪ್ಪವೇ ಇರಬೇಕು, ಏಕೆಂದರೆ ಸಾದಾ ಪೈಪಾದರೆ ಎಲ್ಲೂ ತೂತಿಲ್ಲದೆಯೂ ಮೈಯಿಂದಲೇ ನಾತ ಜಿನುಗುತ್ತದೆ. ಇದನ್ನು ಪ್ಲಂಬರ್ ಹುಡುಗನಿಗೆ ತಿಳಿಸಿ ಹೇಳುವಷ್ಟರಲ್ಲಿ ಅವನು ತೋಟಕ್ಕೆ ನೀರು ಬಿಡುವ ಹಸಿರು ಪೈಪನ್ನು ಅಳತೆಗೆ ಕತ್ತರಿಸಿ ಇಟ್ಟಿದ್ದ. ಟ್ಯಾಂಕಿಗೆ ಗಾಳಿಯಾಡಲು ಒಂದು ಸಣ್ಣ ಕೊಳವೆ ಬೇರೆ ಇತ್ತು. ಅದರಿಂದ ವಾಸನೆ ಬರುತ್ತದೆಂದು ಎಂ-ಸೀಲ್ ಮೆತ್ತಿ ಮುಚ್ಚಿಯೂ ಆಗಿತ್ತು. ಗಾಳಿ ಸಿಕ್ಕರೆ ಒಳಗಿನ ಸೂಕ್ಷ್ಮಾಣುಗಳು ಅಷ್ಟು ನಾತ ಬಾರದಂತೆ ಕೆಲಸ ಮಾಡುತ್ತವೆ. ಸಿಗದಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಅದೂ ಹೋಗಲಿ, ಗಾಳಿದಾರಿ ಇಲ್ಲದ ಟ್ಯಾಂಕಿಗೆ ಅತಿಥಿಗಳು ಒಬ್ಬರ ಹಿಂದೊಬ್ಬರು ಪಂಪು ಹೊಡೆಯುತ್ತ ಹೋದರೆ ಒತ್ತಡ ಏರಿ, ಒಂದು ಶುಭ ಗಳಿಗೆಯಲ್ಲಿ ಒಳಗಿದ್ದದ್ದೆಲ್ಲ ಬಂದ ದಾರಿಯಲ್ಲೇ ತಿರುಗಿ ಬರುತ್ತದೆ.

ಹಡಗಿನ ಸಂಡಾಸಿಗೆ ಒಂದೇ ಸೂತ್ರ: ಮೊದಲು ಬಾಯಿಗೆ ಹೋಗದ ಯಾವುದೂ ಅದಕ್ಕೆ ಹೋಗಬಾರದು. ನಮ್ಮವರು ಗುಟ್ಕಾ ಕೂಡ ಬಾಯಿಗೆ ಹಾಕಿದ್ದೇ ಅಲ್ಲವೇ ಎಂದು ವಾದಿಸಿಯಾರು. ಅಮೆರಿಕದವರನ್ನೇ ನೋಡಿ. ಜೆರಾಲ್ಡ್ ಫೋರ್ಡ್ ಎಂಬ ಅವರ ವಿಮಾನವಾಹಕ ಹಡಗಿನಲ್ಲಿ ಸಂಡಾಸಿನ ಕೊಳವೆಗಳು ಕಟ್ಟಿಕೊಂಡು, ಆಸಿಡ್ ಬಿಟ್ಟು ತೊಳೆಯಲು ಸಲಕ್ಕೆ 4 ಲಕ್ಷ ಡಾಲರ್ ಬೀಳುತ್ತದೆಂದು 2020ರಲ್ಲಿ ಅವರದೇ ಸರ್ಕಾರಿ ಲೆಕ್ಕ ತಪಾಸಣೆಯವರು ವರದಿ ಕೊಟ್ಟರು. ಸಾಹೇಬರು ಇದನ್ನು ಕೇಳಿ ಗಾಬರಿಯಾಗಲಿಲ್ಲ. "ನಮ್ಮಲ್ಲಿ ಆಸಿಡ್ ಬಾಟ್ಲಿ ಅಗ್ಗ ಅದ," ಎಂದರು.

60 ಲೀಟರಿನ ಟ್ಯಾಂಕು, ಸಲಕ್ಕೆ ಎರಡು ಲೀಟರ್ ಎಂದರೂ ಮೂವತ್ತು ಸಲ. ಎಂಟು ಜನ ಅತಿಥಿಗಳು, ಶನಿವಾರ ರಾತ್ರಿ ಬಿಯರು, ಭಾನುವಾರ ಬೆಳಿಗ್ಗೆ ಖಾರದ ಮಿಸಳ್. ಲೆಕ್ಕ ನೀವೇ ಹಾಕಿ. ಪ್ಲಂಬರ್ ಹುಡುಗ ಹಾಕಿದ್ದ ಎಂದು ಕಾಣುತ್ತದೆ. ತಲೆ ಕೆರೆದುಕೊಳ್ಳುತ್ತ ಕೇಳಿಯೇಬಿಟ್ಟ: "ಸಾಹೇಬ್ರ, ಇದು ತುಂಬಿದ ಮ್ಯಾಲೆ?"

ಉತ್ತರ ಗೊತ್ತೇ ಇದೆಯಲ್ಲ.

ಟ್ಯಾಂಕು ಕೂಡಿಸುವುದು ನಮಗೆ ಬರುತ್ತದೆ. ಅದಕ್ಕೆ ತೆಂಗಿನಕಾಯಿ ಒಡೆಯುವುದೂ ಬರುತ್ತದೆ. ಖಾಲಿ ಮಾಡುವ ಪ್ರಶ್ನೆ ಬಂದರೆ ಮಾತ್ರ ಎಲ್ಲರೂ ಆಕಾಶ ನೋಡುತ್ತಾರೆ. ಹೊರದೇಶದ ದೋಣಿಕಟ್ಟೆಗಳಲ್ಲಿ ಪೆಟ್ರೋಲ್ ಬಂಕಿನಂತೆ ಮಲದ ಬಂಕು ಇರುತ್ತದೆ. ದೋಣಿಯ ಟ್ಯಾಂಕಿಗೆ ಪೈಪು ತಗುಲಿಸಿ ಹೀರಿ ಊರ ಚರಂಡಿ ವ್ಯವಸ್ಥೆಗೆ ಸೇರಿಸುತ್ತಾರೆ. ಪವನೆಯ ದಂಡೆಯಲ್ಲಿ ನಾನು ಅಂಥದ್ದನ್ನು ಕಂಡಿಲ್ಲ. ಕಂಡದ್ದು ಬಂಗಲೆಗಳ ಗುಂಡಿ ಹೀರುವ ಟ್ಯಾಂಕರ್. ಅದು ಹೀರಿದ್ದನ್ನು ಎಲ್ಲಿ ಬಿಡುತ್ತದೆ ಎಂದು ಡ್ರೈವರನನ್ನು ಕೇಳಿ ನೋಡಿ. ನೀವು ಪೊಲೀಸರೋ ಪತ್ರಕರ್ತರೋ ಎಂದು ಮೊದಲು ತಿಳಿದುಕೊಳ್ಳುತ್ತಾನೆ. ಟ್ಯಾಂಕರ್ ಹೋಗದ ಕಡೆ ಮನುಷ್ಯ ಇಳಿಯುತ್ತಾನೆ. ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಮಲದ ಗುಂಡಿಗೆ ಇಳಿಸಕೂಡದೆಂದು 2013ರಲ್ಲೇ ಕಾಯ್ದೆ ಆಗಿದೆ. ಇಳಿದವರು ಸತ್ತರೆಂಬ ನಾಲ್ಕು ಸಾಲಿನ ಸುದ್ದಿ ಈಗಲೂ ಒಳಪುಟದಲ್ಲಿ ಬರುತ್ತದೆ, ಜಾತಿ ಹೇಳುವ ಅಗತ್ಯವಿಲ್ಲದ ಸುದ್ದಿ.

ರೈಲಿನ ಸಂಡಾಸಿಗೆ ಟ್ಯಾಂಕೇ ಇಲ್ಲದೆ ಎಲ್ಲವೂ ನೇರ ಹಳಿಗೆ ಬೀಳುತ್ತಿದ್ದ ಕಾಲ ಚೆನ್ನಾಗಿತ್ತು ಎನ್ನುವವರೂ ಇದ್ದಾರೆ. ಕರ್ಜತ್‌ನಲ್ಲಿ ಹಿಂದಿನಿಂದ ನೂಕುವ ಎಂಜಿನುಗಳನ್ನು ಜೋಡಿಸಿಕೊಂಡು ಗಾಡಿ ಬೋರ್ ಘಾಟ್ ಹತ್ತುತ್ತದಲ್ಲ, ಏದುಸಿರು ಬಿಡುತ್ತ ಲೋಣಾವಳಾದಲ್ಲಿ ನಿಂತಾಗ ಅವನ್ನು ಕಳಚುತ್ತಾರೆ. ಆಗೆಲ್ಲ ನಿಂತ ಗಾಡಿಯಲ್ಲಿ ಸಂಡಾಸು ಬಳಸಬೇಡಿ ಎಂದು ಫಲಕ. ಪ್ರಯಾಣಿಕರಿಗೆ ಎಚ್ಚರವಾಗುತ್ತಿದ್ದುದು ಗಾಡಿ ನಿಂತಾಗಲೇ. ಈಗ ಡಬ್ಬಿಗಳ ಕೆಳಗೆ ಡಿಆರ್‌ಡಿಒ ತಂತ್ರಜ್ಞಾನದ ಬಯೋ-ಟ್ಯಾಂಕು ಬಂದಿದೆ. ಅದರೊಳಗಿನ ಸೂಕ್ಷ್ಮಾಣುಗಳು ಮಲವನ್ನು ಅರಗಿಸಿಕೊಳ್ಳುತ್ತವೆ. ನೀರಿನ ಬಾಟಲಿ, ಡೈಪರು, ಗುಟ್ಕಾ ಚೀಟುಗಳನ್ನು ಅರಗಿಸಿಕೊಳ್ಳುವುದನ್ನು ಇನ್ನೂ ಕಲಿತಿಲ್ಲ.

ಹಾಗೆಂದು ಜಗತ್ತಿನಲ್ಲಿ ಕಾನೂನು ಇಲ್ಲವೆಂದಲ್ಲ. ಸಮುದ್ರಯಾನದ ಹಡಗುಗಳಿಗೆ ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದವಿದೆ. ಅದರ ನಾಲ್ಕನೇ ಅನುಬಂಧ ಪೂರ್ತಿ ಮಲಕ್ಕೇ ಮೀಸಲು, 2003ರ ಸೆಪ್ಟೆಂಬರ್ 27ರಿಂದ ಜಾರಿ. ಟ್ಯಾಂಕಿನಲ್ಲಿ ಹಿಡಿದಿಟ್ಟ, ಸಂಸ್ಕರಿಸದ ಮಲವನ್ನು ಹತ್ತಿರದ ನೆಲದಿಂದ 12 ನಾಟಿಕಲ್ ಮೈಲಿಗೂ ಆಚೆ, ನಾಲ್ಕು ನಾಟ್‌ಗೆ ಕಡಿಮೆಯಿಲ್ಲದ ವೇಗದಲ್ಲಿ ಸಾಗುತ್ತ, ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಸಾಹೇಬರ ಬೋಟಿಗೆ ಇದು ಅನ್ವಯಿಸುವುದಿಲ್ಲ. ಆದರೂ ಪಾಲಿಸಿಯೇ ತೀರುತ್ತೇನೆಂದು ಹಟ ಹಿಡಿದರೆ? 12 ನಾಟಿಕಲ್ ಮೈಲಿ ಎಂದರೆ 22 ಕಿಲೋಮೀಟರ್. ಪವನೆಯ ನಡುನೀರಿನಿಂದ ಅಷ್ಟು ದೂರ ಹೋದರೆ ಬೋಟು ಲೋಣಾವಳಾ ಬಜಾರು ದಾಟಿ, ಚಿಕ್ಕಿ ಅಂಗಡಿಗಳನ್ನು ದಾಟಿ, ಘಟ್ಟ ಇಳಿದು ಖೋಪೋಲಿ ಸೇರಿರುತ್ತದೆ. ನಾಲ್ಕು ನಾಟ್ ಎಂದರೆ ಗಂಟೆಗೆ ಏಳೂವರೆ ಕಿಲೋಮೀಟರ್ ಹತ್ತಿರ. ಮಳೆಗಾಲದ ಭಾನುವಾರ ಲೋಣಾವಳಾದ ರಸ್ತೆಯಲ್ಲಿ ಆ ವೇಗ ಯಾರಿಗೂ ದಕ್ಕುವುದಿಲ್ಲ.

ಅತ್ತ ಮಲ್ಪೆಯಿಂದ ಹತ್ತು ಹನ್ನೆರಡು ದಿನಕ್ಕೆ ಆಳಸಮುದ್ರಕ್ಕೆ ಹೋಗುವ ಮೀನುಗಾರರು ಈ 12 ಮೈಲಿಯನ್ನು ನಿಜವಾಗಿಯೂ ದಾಟುತ್ತಾರೆ. ಅವರ ಬಹುತೇಕ ಬೋಟುಗಳಲ್ಲಿ ಸಂಡಾಸೇ ಇಲ್ಲ. ಹಿಂಬದಿಯಲ್ಲಿ ಹಗ್ಗ ಹಿಡಿದು ಕೂರಬೇಕು, ಅಲೆ ಬಂದರೆ ದೇವರು ಕಾಯಬೇಕು.

ಸಾಹೇಬರ ಸಾಮಾನಿನಲ್ಲಿ ನನ್ನ ಮನಸೆಳೆದದ್ದು ವೈ-ವಾಲ್ವು. ಬೆರಳು ಗಾತ್ರದ ಹಿಡಿಕೆ. ಎಡಕ್ಕೆ ತಿರುಗಿಸಿದರೆ ಮಲ ಟ್ಯಾಂಕಿಗೆ, ಬಲಕ್ಕೆ ತಿರುಗಿಸಿದರೆ ನೇರ ನೀರಿಗೆ. ಅಮೆರಿಕದ ಒಳನಾಡಿನ ಕೆರೆಗಳಲ್ಲಿ ಈ ಹಿಡಿಕೆಯನ್ನು ಟ್ಯಾಂಕಿನ ಕಡೆ ತಿರುಗಿಸಿ ಬೀಗ ಜಡಿಯಬೇಕು, ಇಲ್ಲವೇ ಅಲ್ಲಾಡದಂತೆ ಬಿಗಿದು ಕಟ್ಟಬೇಕು. ಸಾಹೇಬರು ಒಂದೇ ನೋಟಕ್ಕೆ ಅದರ ಆಡಳಿತಾತ್ಮಕ ಮಹತ್ವವನ್ನು ಗ್ರಹಿಸಿದರು. ಇನ್‌ಸ್ಪೆಕ್ಟರ್ ಬಂದಾಗ ಎಡಕ್ಕೆ, ಊಟ ಮಾಡಿಕೊಂಡು ಹೋದ ಮೇಲೆ ಬಲಕ್ಕೆ. "ಟ್ಯಾಂಕ್ ಯಾವಾಗ್ಲೂ ಖಾಲಿ ಇರ್ತದ ಮಾಸ್ತರ. ತಪಾಸಣಿಗೆ ಬಂದಾಂವ ಮುಚ್ಚಳ ತಗದು ನೋಡ್ಲಿ, ಕನ್ನಡಿಯಂಗ ಇರ್ತದ." ಬಳಸದ ಟ್ಯಾಂಕಿನಷ್ಟು ಸ್ವಚ್ಛವಾದದ್ದು ಈ ದೇಶದಲ್ಲಿ ಇನ್ನೇನಿದೆ ಹೇಳಿ, ಅದಕ್ಕೇ ಪ್ರಶಸ್ತಿ ಫೋಟೋಗಳಲ್ಲಿ ಅದು ಅಷ್ಟು ಚೆಂದ ಬರುತ್ತದೆ.

ಪವನೆಯ ಈ ನೀರನ್ನು ಪಿಂಪ್ರಿ-ಚಿಂಚವಾಡದ ಜನ ಕುಡಿಯುತ್ತಾರೆ. ಜಲಾಶಯದಿಂದ ನದಿಗೆ ಬಿಟ್ಟ ನೀರನ್ನು ರಾವೇತ್ ಬಂಡಿನ ಬಳಿ ಎತ್ತಿ, ಶುದ್ಧ ಮಾಡಿ, ನಲ್ಲಿಗೆ ಬಿಡುತ್ತಾರೆ. ಮುಚ್ಚಿದ ಕೊಳವೆಯಲ್ಲಿ ನೇರವಾಗಿ ಒಯ್ಯುವ ಯೋಜನೆಯನ್ನು ಮಾವಳದ ರೈತರು ವಿರೋಧಿಸಿದಾಗ, 2011ರ ಆಗಸ್ಟ್ 9ರಂದು, ಎಕ್ಸ್‌ಪ್ರೆಸ್‌ವೇಯಲ್ಲಿ ಪೊಲೀಸರ ಗುಂಡಿಗೆ ಮೂವರು ಸತ್ತರು. ಜೀವ ಹೋಗುವಷ್ಟು ಬೆಲೆಯ ನೀರು. ಅದರ ಮೇಲೆ ಸಾಹೇಬರ ಬೋಟು, ಬೋಟಿನಲ್ಲಿ ಹಿಡಿಕೆ, ಹಿಡಿಕೆ ಬಲಕ್ಕೆ.

ಪಿಂಪ್ರಿಯವರು ಕುಡಿದು ಮಿಕ್ಕದ್ದು, ಅವರದ್ದನ್ನೂ ಕೂಡಿಸಿಕೊಂಡು, ದಾಪೋಡಿಯಲ್ಲಿ ಮುಳಾ ನದಿ ಸೇರುತ್ತದೆ. ಮುಳಾ ಪುಣೆಯಲ್ಲಿ ಮುಠಾಳನ್ನು ಕೂಡಿ, ಊರಿನ ಕಾಣಿಕೆ ಸ್ವೀಕರಿಸಿ, ಭೀಮೆಗೆ ಒಪ್ಪಿಸುತ್ತಾಳೆ. ಲೋಣಾವಳಾದ ಬಗಲಲ್ಲೇ ಹುಟ್ಟುವ ಇಂದ್ರಾಯಣಿಯೂ ದೇಹು, ಆಳಂದಿಗಳಲ್ಲಿ ನೊರೆ ಕಟ್ಟಿಕೊಂಡು ತುಳಾಪುರದಲ್ಲಿ ಅದೇ ಭೀಮೆಗೆ ಬೀಳುತ್ತದೆ. ಉಜನಿ ಅಣೆಕಟ್ಟು, ಪಂಢರಪುರ, ಆಮೇಲೆ ಗಡಿ ದಾಟಿದರೆ ನಮ್ಮ ಕರ್ನಾಟಕ. ಮಹಾರಾಷ್ಟ್ರ ನೀರು ಬಿಡುವುದಿಲ್ಲವೆಂದು ದೂರುವ ನಮಗೆ ಇದೊಂದು ಬಾಬತ್ತಿನಲ್ಲಿ ಮಾತ್ರ ನೆರೆರಾಜ್ಯ ಎಂದೂ ಕೈಬಿಗಿ ಹಿಡಿದಿಲ್ಲ.

ಸಾಹೇಬರಿಗೆ ಈ ಭೂಗೋಳ ಗೊತ್ತಿಲ್ಲವೆಂದಲ್ಲ, ಇಂಡಿಯಲ್ಲಿ ಭೀಮೆಯ ನೀರು ಕುಡಿದೇ ಬೆಳೆದವರು. ದತ್ತನ ಪರಮ ಭಕ್ತರು ಬೇರೆ. ನಾನು ಎದ್ದು ಹೊರಟಾಗ ಬಾಗಿಲವರೆಗೆ ಬಂದು, ಎರಡು ಹೊಸ ಪ್ಲಾಸ್ಟಿಕ್ ಕ್ಯಾನು ಕೈಗಿತ್ತರು.

"ದತ್ತ ಜಯಂತಿಗೆ ಗಾಣಗಾಪುರಕ್ಕ ಹೊಂಟೀರಿ ಅಂತ ಕೇಳ್ದೆ. ಭೀಮಾ-ಅಮರ್ಜಾ ಸಂಗಮದ ನೀರು ತುಂಬಿಕೊಂಡ್ ಬರ್ರಿ. ಬೋಟಿನ ಪೂಜಾಕ್ಕ ಆ ನೀರೇ ಆಗಬೇಕು. ಪೂಜಾ ಆದ್ಮ್ಯಾಲೆ ಎಲ್ಲಾರ್ಗೂ ತೀರ್ಥ ಕೊಡಾಣು, ನೀವೂ ತಪ್ಪಸಬ್ಯಾಡ್ರಿ."