ಅವನಿನ್ನೂ ಹುಟ್ಟಿಲ್ಲ ಅತ್ತೆ!

‘ಕಾಂತಾರ’ ಬಂದದ್ದು 2022ರಲ್ಲಿ, ಅದಕ್ಕೂ ಹಿಂದಿನ ಕಥೆ ಹೇಳುವ ‘ಚಾಪ್ಟರ್ 1’ ಬಂದದ್ದು 2025ರಲ್ಲಿ. ಮಗನ ಮದುವೆಯೂಟ ಮುಗಿಸಿ ಕೈ ತೊಳೆಯುವಾಗ ಅಪ್ಪನ ನಾಮಕರಣಕ್ಕೆ ಕರೆ ಬಂದ ಹಾಗೆ! ಆದರೂ ಮನೆಮಂದಿಯೆಲ್ಲ ಆ ಕಥೆ ನಡೆಯುವ ಕದಂಬರ ಕಾಲಕ್ಕೆ ಹೊರಟೆವು. ಪಾಪ್‌ಕಾರ್ನ್ ಮೆಲ್ಲುತ್ತಾ ನಮ್ಮತ್ತೆ ಕೇಳಿದರು: “ಮೊದಲ್ನೇ ಸಿನಿಮಾದ ಹೀರೋ, ಆ ಶಿವ ಯಾವಾಗ ಬರ್ತಾನೋ?”

“ಅವನಿನ್ನೂ ಹುಟ್ಟಿಲ್ಲ ಅತ್ತೆ.”

“ಸುಮ್ನಿರೋ, ಅಲ್ಲೇ ಕುಣೀತಿದಾನಲ್ಲ!”

ಎರಡರಲ್ಲೂ ನಾಯಕರಾದ ರಿಷಬ್ ಶೆಟ್ಟರ ಗಡ್ಡ ನೋಡಿ ನಾನೂ ಬಾಯಿ ಮುಚ್ಚಿಕೊಂಡೆ.

‘ಕೆಜಿಎಫ್’ನಂತೆ ನಡುವೆ ನಿಲ್ಲಿಸಿದ ಕಥೆಗೆ ಎರಡನೇ ಭಾಗ ಬೇಕೇ ಬೇಕು, ಸರಿ. ಆದರೆ ‘ಮುಂಗಾರು ಮಳೆ’? ಅದರಲ್ಲಿ ದೇವದಾಸ ಎಂಬ ಮೊಲವೇ ಸತ್ತ ಮೇಲೆ ಇನ್ನೇನು ಉಳಿದಿತ್ತು? ಆದರೂ 2016ರಲ್ಲಿ ಎರಡನೇ ಮಳೆ ಹೊಯ್ಯಿತು. ಇಂಥ ಮುಂದುವರಿಕೆಗಳನ್ನು ಬೈಯುವವರಲ್ಲಿ ನಾನೇ ಮೊದಲಿಗ. ಕೊನೆಯಲ್ಲಿ ಸತ್ತ ವಿಲನ್ ಕಿರುಬೆರಳು ಅಲ್ಲಾಡಿಸಿದರೆ ಮುಂದಿನ ಟಿಕೆಟ್ಟಿಗೆ ದುಡ್ಡು ಎತ್ತಿಡುವವನೂ ನಾನೇ.